ತೆರೆಯ ಮೇಲೆ ಹಿಗ್ಗಿದ ಹಲ್ಲಿನ ಸಾಲು ಬಾಯೊಳಗೆ ಎಷ್ಟು ಹಿಗ್ಗುತ್ತದೆ?

ಹಲ್ಲು ಒತ್ತೊತ್ತಾಗಿದೆ ಎಂದು ವೈದ್ಯರ ಬಳಿಗೆ ಹೋದವರಿಗೆ ಈಗ ಮೊದಲು ಕಾಣಸಿಗುವುದು ಲೋಹದ ಕ್ಲಿಪ್ಪಲ್ಲ, ಕಂಪ್ಯೂಟರ್ ತೆರೆಯ ಮೇಲೆ ಅರ್ಧ ನಿಮಿಷ ಓಡುವ ಒಂದು ಅನಿಮೇಷನ್. ಬಾಯೊಳಗೆ ಸ್ಕ್ಯಾನರ್ ಆಡಿಸಿ ಪಡೆದ ಮೂರು ಆಯಾಮದ ಚಿತ್ರದಲ್ಲಿ ಇಕ್ಕಟ್ಟಾದ ಮೇಲಿನ ಸಾಲು ಎರಡೂ ಬದಿಗೆ ಹಿಗ್ಗುತ್ತದೆ, ಹಾಗೆ ಹುಟ್ಟಿದ ಜಾಗಕ್ಕೆ ಮುಂದಿನ ಹಲ್ಲುಗಳು ಒಂದೊಂದಾಗಿ ಜಾರಿ ಕೂರುತ್ತವೆ, ಹಲ್ಲು ಕೀಳದೆಯೇ ಕೆಲಸ ಮುಗಿಯುತ್ತದೆ. ಇದನ್ನೆಲ್ಲ ಮಾಡುವುದು ಅಲೈನರ್‌ಗಳು, ಅಂದರೆ ಒಂದಾದ ಮೇಲೊಂದರಂತೆ ಹಲ್ಲಿಗೆ ತೊಡುವ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಗಳು. ಆ ಚಿತ್ರಕ್ಕೆ ಮಾರುಹೋಗದವರು ಕಡಿಮೆ. ಅದರಲ್ಲಿ ತೋರಿಸಿದ ಹಿಗ್ಗುವಿಕೆಯ ಎಷ್ಟು ಪಾಲು ನಿಜವಾಗಿ ಬಾಯಿಗೆ ಬರುತ್ತದೆ, ಯಾವ ಹಲ್ಲಿನ ಬಳಿ ಬರುತ್ತದೆ, ಯಾವ ಬಗೆಯಲ್ಲಿ ಬರುತ್ತದೆ ಎಂಬುದನ್ನು ಹಲ್ಲಿನ ಸಾಲು ಸರಿಪಡಿಸುವ ತಜ್ಞರಾದ ಆರ್ಥೊಡಾಂಟಿಸ್ಟ್‌ಗಳು ಹಲವು ವರ್ಷಗಳಿಂದ ಅಳೆಯುತ್ತಲೇ ಬಂದಿದ್ದಾರೆ. ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಆದರೆ ಅದು ಜಾಹೀರಾತಿನ ಹಾಗೆ ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಹಿಗ್ಗಿಸುವುದರ ಮೇಲೆ ಇಷ್ಟು ಒಲವು ಏಕೆ ಎಂಬುದನ್ನು ಮೊದಲು ನೋಡಬೇಕು. ಇಕ್ಕಟ್ಟು ಬಿಡಿಸಲು ಇರುವ ದಾರಿಗಳು ಕೆಲವೇ. ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರುವ ಮುಂದವಡೆ ಹಲ್ಲುಗಳನ್ನು ಕೀಳಬಹುದು, ಹಲ್ಲು ಹಲ್ಲಿನ ನಡುವಿನ ಎನಾಮೆಲ್ಲನ್ನು ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟು ಉಜ್ಜಿ ತೆಳುಮಾಡಬಹುದು, ಬಾಚಿಹಲ್ಲುಗಳನ್ನು ಮುಂದಕ್ಕೆ ತಳ್ಳಬಹುದು, ದವಡೆ ಹಲ್ಲುಗಳನ್ನು ಹಿಂದಕ್ಕೆ ಸರಿಸಬಹುದು, ಅಥವಾ ಸಾಲನ್ನೇ ಅಗಲ ಮಾಡಬಹುದು. ಮೊದಲನೆಯದಕ್ಕೆ ರೋಗಿ ಒಪ್ಪುವುದಿಲ್ಲ, ಮೂರನೆಯದು ತುಟಿಯ ರೂಪ ಕೆಡಿಸಬಹುದು, ನಾಲ್ಕನೆಯದು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಗಲ ಮಾಡುವುದರಲ್ಲಿ ಇವಾವುದರ ರಗಳೆಯೂ ಮೇಲುನೋಟಕ್ಕೆ ಕಾಣುವುದಿಲ್ಲ. ಜೊತೆಗೆ ನಗುವಾಗ ತುಟಿಯ ಮೂಲೆಗಳಲ್ಲಿ ಕಾಣುವ ಕಪ್ಪು ಸಂದು ತುಂಬಿ ನಗು ವಿಶಾಲವಾಗುತ್ತದೆ ಎಂಬ ಆಸೆ ಬೇರೆ. ಆದರೆ ಸಿಗುವ ಜಾಗಕ್ಕೂ ಮಿತಿಯಿದೆ. ಅಂಗುಳದ ಮೂಳೆಯನ್ನೇ ಹಿಗ್ಗಿಸಿದ ಮಕ್ಕಳಲ್ಲಿ ಆಡ್ಕಿನ್ಸ್ ಮತ್ತು ಸಂಗಡಿಗರು 1990ರಲ್ಲಿ ಕಂಡುಕೊಂಡ ಲೆಕ್ಕದ ಪ್ರಕಾರ ಮುಂದವಡೆ ಹಲ್ಲುಗಳ ನಡುವಿನ ಅಂತರ ಎಷ್ಟು ಹೆಚ್ಚುತ್ತದೋ ಅದರ ಸುಮಾರು 0.7 ಪಾಲಿನಷ್ಟು ಮಾತ್ರ ಸಾಲಿನ ಸುತ್ತಳತೆ ಹೆಚ್ಚುತ್ತದೆ. ಅಂದರೆ ಅಲ್ಲಿ 4 ಮಿಲಿಮೀಟರ್ ಅಗಲವಾದರೆ ಇಕ್ಕಟ್ಟು ಬಿಡಿಸಲು ದಕ್ಕುವುದು 3 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಯೋಜಿಸಿದ 4 ಮಿಲಿಮೀಟರಿನಲ್ಲೇ ಕಾಲು ಭಾಗ ಬಾರದೆ ಹೋದರೆ ಮುಂದಿನ ಹಲ್ಲುಗಳ ಲೆಕ್ಕವೆಲ್ಲ ತಪ್ಪುತ್ತದೆ. ಅಗಲದ ನಿಖರತೆ ಬರೀ ಅಗಲದ ವಿಷಯವಲ್ಲ ಎನ್ನುವುದು ಈ ಕಾರಣಕ್ಕೆ. ಇಡೀ ಯೋಜನೆ ಅದರ ಮೇಲೆ ನಿಂತಿರುತ್ತದೆ.

ಅಲೈನರ್‌ಗಳ ಇತಿಹಾಸ ಇಲ್ಲಿ ಹೆಚ್ಚು ಬೇಕಿಲ್ಲ. ಹೊಂದಿಕೊಳ್ಳುವ ಅಚ್ಚೊಂದನ್ನು ತೊಡಿಸಿ ಹಲ್ಲು ಸರಿಸುವ ಕಲ್ಪನೆಯನ್ನು ಅಮೆರಿಕದ ಕೆಸ್ಲಿಂಗ್ 1945ರಲ್ಲೇ ಮಂಡಿಸಿದ್ದರು. ಕಂಪ್ಯೂಟರಿನಲ್ಲಿ ಹಂತಹಂತವಾಗಿ ಹಲ್ಲು ಸರಿಸಿ, ಒಂದೊಂದು ಹಂತಕ್ಕೂ ಒಂದೊಂದು ಅಚ್ಚು ತಯಾರಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಎರಕ ಹೊಯ್ದಂತೆ ಕೂರಿಸುವ ವಿಧಾನವನ್ನು ವ್ಯಾಪಾರಕ್ಕೆ ತಂದದ್ದು 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಲೈನ್ ಟೆಕ್ನಾಲಜಿ; ಅದರ ಇನ್ವಿಸಲೈನ್‌ಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 1998ರಲ್ಲಿ ಅನುಮತಿ ನೀಡಿತು. 2013ರಲ್ಲಿ ಕಂಪನಿ ಹಳೆಯ ಹಾಳೆಯ ಬದಲು ಸ್ಮಾರ್ಟ್‌ಟ್ರ್ಯಾಕ್ ಎಂಬ ಹೆಚ್ಚು ಸ್ಥಿತಿಸ್ಥಾಪಕ ವಸ್ತುವಿಗೆ ಬದಲಾಯಿಸಿಕೊಂಡಿತು. ಪ್ರಕಟವಾದ ಅಧ್ಯಯನಗಳಲ್ಲಿ ಬಹುಪಾಲು ಇದೊಂದೇ ಬ್ರಾಂಡಿನ ಮೇಲೆ ನಡೆದಿವೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಭಾರತದಲ್ಲಿ ಇಂದು ಅಗ್ಗದ ದರಕ್ಕೆ ಸಿಗುವ ಹತ್ತಾರು ಸ್ಥಳೀಯ ಬ್ರಾಂಡುಗಳಿಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲು ಯಾವ ಆಧಾರವೂ ಇಲ್ಲ.

ಅಗಲದ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವುದು ಕೆನಡಾದ ಹೂಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ. 64 ವಯಸ್ಕ ರೋಗಿಗಳಲ್ಲಿ ತಂತ್ರಾಂಶವು ಊಹಿಸಿದ ಕೊನೆಯ ಅಗಲವನ್ನೂ ಬಾಯಲ್ಲಿ ನಿಜಕ್ಕೂ ಬಂದ ಅಗಲವನ್ನೂ ಅವರು ಹೋಲಿಸಿದರು. ಮೇಲಿನ ಸಾಲಿನಲ್ಲಿ ಒಟ್ಟಾರೆ ನಿಖರತೆ ಶೇ 72.8. ಇಷ್ಟನ್ನೇ ಓದಿ ನಿಲ್ಲಿಸಿದರೆ ಅಧ್ಯಯನದ ಸಾರವೇ ತಪ್ಪಿಹೋಗುತ್ತದೆ, ಏಕೆಂದರೆ ಆ ಅಂಕಿ ಎರಡು ಬೇರೆ ಬೇರೆ ಅಳತೆಗಳ ಸರಾಸರಿ. ಹಲ್ಲಿನ ತುದಿಯಲ್ಲಿ, ಅಂದರೆ ನಾವು ಅಗಿಯುವ ಮೊನೆಗಳ ಬಳಿ, ನಿಖರತೆ ಶೇ 82.9 ಇದ್ದರೆ ಅದೇ ಹಲ್ಲಿನ ಒಸಡಿನ ಅಂಚಿನಲ್ಲಿ ಅದು ಶೇ 62.7ಕ್ಕೆ ಇಳಿದಿತ್ತು. ಕೆಳಗಿನ ಸಾಲಿನಲ್ಲಿ ಒಟ್ಟು ಶೇ 87.7, ತುದಿಯಲ್ಲಿ ಶೇ 98.9, ಒಸಡಿನ ಬಳಿ ಶೇ 76.4. ಒಂದೇ ಹಲ್ಲಿನ ಮೇಲ್ತುದಿ ಒಂದಷ್ಟು ಸರಿದು ಬುಡ ಅಷ್ಟು ಸರಿಯಲಿಲ್ಲವೆಂದರೆ ಅರ್ಥ ಒಂದೇ: ಹಲ್ಲು ನಿಂತ ನಿಲುವಿನಲ್ಲೇ ಹೊರಕ್ಕೆ ಜರುಗಲಿಲ್ಲ, ಕೆನ್ನೆಯ ಕಡೆಗೆ ವಾಲಿತು. ತಂತ್ರಾಂಶ ತೋರಿಸಿದ್ದು ಜರುಗುವುದನ್ನು.

ವಾಲುವುದಕ್ಕೂ ಜರುಗುವುದಕ್ಕೂ ಇರುವ ಈ ಅಂತರವನ್ನು ಇನ್ನೂ ನೇರವಾಗಿ ಅಳೆದವರು ಚೀನಾದ ಝೌ ಮತ್ತು ಗುವೊ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ರೋಗಿಗಳ ಸಂಖ್ಯೆ ಕೇವಲ 20. ಆದರೆ ಅವರು ಹಲ್ಲಿನ ಅಚ್ಚನ್ನಷ್ಟೇ ನೋಡದೆ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್ ಮೂಲಕ ಬೇರುಗಳನ್ನೂ ನೋಡಿದ್ದರಿಂದ ಅದಕ್ಕೆ ಬೆಲೆ ಹೆಚ್ಚು. ಮೇಲಿನ ಸಾಲಿನ ಹಿಗ್ಗುವಿಕೆ ಕೋರೆಹಲ್ಲಿನ ಬಳಿ ಯೋಜನೆಯ ಶೇ 79.75, ಮೊದಲ ಮುಂದವಡೆ ಹಲ್ಲಿನಲ್ಲಿ ಶೇ 76.1, ಎರಡನೆಯದರಲ್ಲಿ ಶೇ 73.27, ಮೊದಲ ದವಡೆ ಹಲ್ಲಿಗೆ ಬಂದಾಗ ಶೇ 68.31. ಮುಂದಿನಿಂದ ಹಿಂದಕ್ಕೆ ಹೋದಂತೆ ಮೆಟ್ಟಿಲಿಳಿದಂತೆ ಇಳಿಯುವ ಈ ಕ್ರಮ ಬೇರೆ ಅಧ್ಯಯನಗಳಲ್ಲೂ ಹೆಚ್ಚು ಕಡಿಮೆ ಹೀಗೆಯೇ ಕಾಣುತ್ತದೆ. ಇನ್ನು ಆ ದವಡೆ ಹಲ್ಲು ಬೇರುಸಹಿತ ಹೊರಕ್ಕೆ ಜರುಗಿದ್ದೆಷ್ಟು ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸರಾಸರಿ ಶೇ 36.35. ಕಿರೀಟದಲ್ಲಿ, ಅಂದರೆ ಒಸಡಿನ ಹೊರಗೆ ಕಾಣುವ ಭಾಗದಲ್ಲಿ, ಮೂರರಲ್ಲಿ ಎರಡು ಪಾಲು ಬಂದಿದೆ, ಇಡೀ ಹಲ್ಲಿನ ಮಟ್ಟಿಗೆ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು.

ಇದು ಪ್ಲಾಸ್ಟಿಕ್ಕಿನ ಗುಣಮಟ್ಟದ ದೋಷ ಎಂದು ತಿಳಿಯುವುದು ಸರಿಯಲ್ಲ. ಕಾರಣ ಹೆಚ್ಚಾಗಿ ಬಲವಿಜ್ಞಾನದಲ್ಲಿದೆ. ಕೆಸರು ಗದ್ದೆಯಲ್ಲಿ ನೆಟ್ಟ ಗೂಟದ ತಲೆಯನ್ನು ಪಕ್ಕಕ್ಕೆ ನೂಕಿದರೆ ತಲೆ ಬಾಗುತ್ತದೆಯೇ ಹೊರತು ಗೂಟವಿಡೀ ಪಕ್ಕಕ್ಕೆ ಸರಿಯುವುದಿಲ್ಲ. ಹೂತ ತುದಿ ತುಸು ಎದುರು ದಿಕ್ಕಿಗೇ ಹೋಗಬಹುದು. ಹಲ್ಲಿನದೂ ಇದೇ ಕಥೆ. ಅದರ ಪ್ರತಿರೋಧದ ಕೇಂದ್ರ, ಅಂದರೆ ಅಲ್ಲಿ ನೂಕಿದರೆ ಹಲ್ಲು ವಾಲದೆ ಜರುಗುವ ಬಿಂದು, ಮೂಳೆಯೊಳಗೆ, ಬೇರಿನ ಭಾಗದಲ್ಲಿರುತ್ತದೆ. ಅಲೈನರ್ ಮುಟ್ಟಬಲ್ಲದ್ದು ಒಸಡಿನ ಮೇಲಿನ ಕಿರೀಟವನ್ನು ಮಾತ್ರ. ಹಲ್ಲು ನೆಟ್ಟಗೆ ಜರುಗಬೇಕಾದರೆ ನೂಕುವ ಬಲದ ಜೊತೆಗೆ ವಾಲುವುದನ್ನು ತಡೆಯುವ ಎದುರು ತಿರುಚು ಬಲವೂ ಬೇಕು, ಅದಕ್ಕಾಗಿ ಪ್ಲಾಸ್ಟಿಕ್ ಒಸಡಿನ ಅಂಚಿನಲ್ಲಿ ಹಲ್ಲನ್ನು ಬಿಗಿಯಾಗಿ ಒತ್ತಬೇಕು. ದುರದೃಷ್ಟಕ್ಕೆ ಅಲೈನರ್ ಅತಿ ದುರ್ಬಲವಾಗಿರುವುದೂ ಅಲ್ಲಿಯೇ. ಸುಮಾರು 0.75 ಮಿಲಿಮೀಟರ್ ದಪ್ಪದ ಹಾಳೆಯನ್ನು ಬಿಸಿಮಾಡಿ ಅಚ್ಚಿನ ಮೇಲೆ ಎಳೆದಾಗ ಅದು ಅಂಚಿನ ಕಡೆಗೆ ತೆಳುವಾಗುತ್ತದೆ. ಆಸರೆಯಿಲ್ಲದ ಆ ಅಂಚು ಒತ್ತಡ ಬಂದಾಗ ಹೊರಕ್ಕೆ ಬಾಗಿಕೊಳ್ಳುತ್ತದೆ. ಅಟ್ಯಾಚ್‌ಮೆಂಟ್ ಎಂದು ಕರೆಯುವ, ಹಲ್ಲಿನ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುವುದರಿಂದ ಹಿಡಿತ ಸುಧಾರಿಸುತ್ತದೆ, ಆದರೆ ಅವೂ ಕಿರೀಟದ ಮೇಲೆಯೇ ಇರುತ್ತವೆ.

ಹಿಂದಕ್ಕೆ ಹೋದಂತೆ ನಿಖರತೆ ಏಕೆ ಇಳಿಯುತ್ತದೆ ಎಂಬುದಕ್ಕೆ ಅಲೈನರನ್ನು ಕೈಯಲ್ಲಿ ಹಿಡಿದು ನೋಡಿದರೂ ಸಾಕು. ಕುದುರೆ ಲಾಳದಾಕಾರದ ಅದರ ಎರಡು ಹಿಂತುದಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಹೆಚ್ಚಿನ ಶ್ರಮವಿಲ್ಲದೆ ಒಳಕ್ಕೆ ಬರುತ್ತವೆ. ಅದನ್ನೇ ಕೋರೆಹಲ್ಲುಗಳ ಜಾಗದಲ್ಲಿ ಒತ್ತಿದರೆ ಸುಲಭಕ್ಕೆ ಮಣಿಯುವುದಿಲ್ಲ. ಹಿಂತುದಿಗಳು ಎಲ್ಲಿಗೂ ಕಟ್ಟಿಕೊಂಡಿಲ್ಲ, ಅಂಗುಳಕ್ಕೆ ಅಡ್ಡಲಾಗಿ ಅವನ್ನು ದೂರ ಹಿಡಿಯುವ ಯಾವ ತುಂಡೂ ಇಲ್ಲ. ಬಾಯೊಳಗೆ ಇದೇ ತುದಿಗಳು ಎದುರಿಸಬೇಕಾದದ್ದು ಮೂರು ಬೇರುಗಳ, ಸಾಲಿನಲ್ಲೇ ಅತಿ ಭದ್ರವಾಗಿ ಊರಿಕೊಂಡ ಮೇಲ್ದವಡೆಯ ಹಲ್ಲನ್ನು. ಮೇಲಿಂದ ಕೆನ್ನೆಯ ಸ್ನಾಯುಗಳ ಒತ್ತಡ ಮತ್ತು ಅಗಿಯುವ ಬಲ. ಜೊತೆಗೆ ಈ ಪ್ಲಾಸ್ಟಿಕ್ ಬಾಯಿಯ ಉಷ್ಣ ಮತ್ತು ಜೊಲ್ಲಿನಲ್ಲಿ ಮೊದಲ ದಿನದಲ್ಲೇ ತನ್ನ ಬಲದ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ. ಒಂದು ಅಲೈನರ್ ಸಾಮಾನ್ಯವಾಗಿ ಒಂದು ಹಲ್ಲನ್ನು 0.25 ಮಿಲಿಮೀಟರ್ ಸರಿಸಲು ರೂಪಿಸಿದ್ದು. ಒಂದೊಂದು ಹಂತದಲ್ಲೂ ಅದರಲ್ಲಿ ಸ್ವಲ್ಪ ಸ್ವಲ್ಪ ಬಾಕಿ ಉಳಿಯುತ್ತ ಹೋದರೆ ಮುಂದಿನ ಅಲೈನರ್ ಹಿಂದಿನ ಸಾಲವನ್ನೂ ಹೊತ್ತುಕೊಂಡೇ ಬಾಯಿಗೆ ಬರುತ್ತದೆ.

ಈ ವಾಲುವಿಕೆಯನ್ನು ರೋಗಿ ಎಲ್ಲಿ ಅನುಭವಿಸುತ್ತಾನೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೇಲಿನ ಮೊದಲ ದವಡೆ ಹಲ್ಲಿಗೆ ಕೆನ್ನೆಯ ಕಡೆ ಎರಡು, ಅಂಗುಳದ ಕಡೆ ಎರಡು ಮೊನೆಗಳಿರುತ್ತವೆ. ಹಲ್ಲು ಕೆನ್ನೆಯ ಕಡೆಗೆ ವಾಲಿದಾಗ ಕೆನ್ನೆಯ ಕಡೆಯ ಮೊನೆಗಳು ಮೇಲೇಳುತ್ತವೆ, ಅಂಗುಳದ ಕಡೆಯವು ಕೆಳಕ್ಕೆ ಜೋತುಬೀಳುತ್ತವೆ. ಹಾಗೆ ಜೋತುಬಿದ್ದ ಮೊನೆ ಕೆಳಗಿನ ಹಲ್ಲಿಗೆ ಎಲ್ಲಕ್ಕಿಂತ ಮೊದಲು ತಾಗುತ್ತದೆ. ಉಳಿದ ಹಲ್ಲುಗಳು ಕೂಡುವ ಮುನ್ನವೇ ಬಾಯಿ ಅಲ್ಲಿ ನಿಂತುಬಿಡುತ್ತದೆ. ಕನ್ನಡಿಯಲ್ಲಿ ಸಾಲು ಸೊಗಸಾಗಿ ಕಾಣುತ್ತಿರುತ್ತದೆ, ಆದರೆ ಊಟಕ್ಕೆ ಕೂತಾಗ ಚಪಾತಿಯ ತುಂಡು ಹಿಂದಿನ ಹಲ್ಲಿಗೆ ಸರಿಯಾಗಿ ಸಿಗುವುದಿಲ್ಲ, ಒಂದು ಬದಿ ಮಾತ್ರ ತಾಗುತ್ತದೆ. ಕಚ್ಚಿದಾಗಲೂ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೆರಪು ಉಳಿಯುವವರಲ್ಲಿ ಇದು ಇನ್ನಷ್ಟು ತೊಂದರೆ ಕೊಡುತ್ತದೆ. ಹೊರಬದಿಯ ಮೂಳೆಯದೂ ಬೇರೆ ಚಿಂತೆ. ಮೇಲಿನ ಹಲ್ಲುಗಳ ಬೇರನ್ನು ಕೆನ್ನೆಯ ಕಡೆಯಿಂದ ಮುಚ್ಚಿರುವ ಮೂಳೆ ಹಲವರಲ್ಲಿ ಬಹಳ ತೆಳುವಾಗಿರುತ್ತದೆ. ಹಲ್ಲನ್ನು ಅದರ ಮಿತಿ ದಾಟಿ ಹೊರಕ್ಕೆ ನೂಕಿದರೆ ಮೂಳೆಯ ಅಂಚು ಕರಗಿ ಒಸಡು ಸರಿದು ಬೇರು ಕಾಣಿಸಿಕೊಳ್ಳುವ ಅಪಾಯವಿದೆ. ಅನಿಮೇಷನ್ ಸಾಮಾನ್ಯವಾಗಿ ತೋರಿಸುವುದು ಗುಲಾಬಿ ಬಣ್ಣದ ಒಸಡನ್ನು, ಅದರೊಳಗಿನ ಮೂಳೆಯನ್ನಲ್ಲ. ಸಿಬಿಸಿಟಿಯನ್ನು ಸ್ಕ್ಯಾನಿನೊಂದಿಗೆ ಬೆಸೆದು ಬೇರುಗಳನ್ನು ತೋರಿಸುವ ಸೌಲಭ್ಯ ಈಚೆಗೆ ಬಂದಿದೆ, ಎಲ್ಲ ರೋಗಿಗಳಿಗೂ ಅದನ್ನು ಬಳಸುವುದಿಲ್ಲ.

ಹಾಗಿದ್ದರೆ ಕೊರತೆ ಎಷ್ಟೆಂದು ಗೊತ್ತಿರುವಾಗ ಅಷ್ಟನ್ನು ಮೊದಲೇ ಸೇರಿಸಿ ಯೋಜಿಸಿದರಾಯಿತಲ್ಲ ಎಂಬ ವಾದ ಸಹಜವಾಗಿಯೇ ಏಳುತ್ತದೆ. ಹೂಲ್ ಅವರ ತಂಡವೂ ಮೇಲಿನ ಸಾಲಿನ ಹಿಂಭಾಗದಲ್ಲಿ ಹೆಚ್ಚುವರಿ ಹಿಗ್ಗುವಿಕೆಯನ್ನು ಯೋಜಿಸುವುದು ಸೂಕ್ತವೆಂದೇ ಹೇಳಿತ್ತು, ಬಹಳ ವೈದ್ಯರು ಇದನ್ನು ಪಾಲಿಸುತ್ತಾರೆ ಕೂಡ. ಈ ಉಪಾಯದ ಮಿತಿಯನ್ನು ಅಂಕಿಗಳೇ ಹೇಳುತ್ತವೆ. ದವಡೆ ಹಲ್ಲುಗಳ ನಡುವೆ 4 ಮಿಲಿಮೀಟರ್ ಬೇಕೆಂದಿಟ್ಟುಕೊಳ್ಳೋಣ. ಶೇ 68ರ ಲೆಕ್ಕದಲ್ಲಿ ಬರುವುದು ಸುಮಾರು 2.7, ಪೂರ್ತಿ 4 ಬರಬೇಕಾದರೆ ಯೋಜನೆಯಲ್ಲಿ 5.9 ಎಂದು ಬರೆಯಬೇಕು. ಆದರೆ ಝೌ ಮತ್ತು ಗುವೊ ಅಧ್ಯಯನದಲ್ಲಿ ಯೋಜಿಸಿದ ಪ್ರಮಾಣ ಹೆಚ್ಚಿದಷ್ಟೂ ಹಲ್ಲು ನೆಟ್ಟಗೆ ಜರುಗುವ ಪಾಲು ಕುಗ್ಗುತ್ತಿತ್ತು. ಅಂದರೆ ಅಂಕಿ ಉಬ್ಬಿಸಿದಾಗ ಹೆಚ್ಚುವರಿಯಾಗಿ ಸಿಗುವುದು ಬಹುಮಟ್ಟಿಗೆ ಇನ್ನಷ್ಟು ವಾಲುವಿಕೆ. ಅಲ್ಲಿಗೆ ಅಗಲದ ಗುರಿ ಮುಟ್ಟಿದರೂ ಮೊನೆ ಜೋತುಬೀಳುವುದು ಹೆಚ್ಚುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಸರಾಸರಿಯಲ್ಲೇ ಇದೆ. ಅಲೈನರ್ ಕುರಿತ ಮಾತುಕತೆಯಲ್ಲಿ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಅಂಕಿ ಇದು ಎಂಬುದು ನನ್ನ ಅಭಿಪ್ರಾಯ. ದವಡೆ ಹಲ್ಲು ನೆಟ್ಟಗೆ ಜರುಗಿದ ಸರಾಸರಿ ಶೇ 36.35 ಎಂದೆನಲ್ಲ, ಅದರ ಜೊತೆಗಿದ್ದ ಪ್ರಮಾಣ ವಿಚಲನೆ, ಅಂದರೆ ಒಬ್ಬೊಬ್ಬರ ಅಂಕಿ ಸರಾಸರಿಯಿಂದ ಎಷ್ಟು ಚದುರಿದೆ ಎಂಬುದರ ಅಳತೆ, 29.32. ಒಂದು ವಿಚಲನೆಯಷ್ಟು ಕೆಳಗೆ ಹೋದರೆ ಶೇ 7, ಮೇಲೆ ಹೋದರೆ ಶೇ 66. ಒಬ್ಬ ರೋಗಿಯಲ್ಲಿ ಹಲ್ಲು ಬಹುತೇಕ ಪೂರ್ತಿ ವಾಲಿದೆ, ಇನ್ನೊಬ್ಬನಲ್ಲಿ ಮೂರರಲ್ಲಿ ಎರಡು ಪಾಲು ಸರಿಯಾಗಿಯೇ ಜರುಗಿದೆ. ಇಬ್ಬರಿಗೂ ಸಿಕ್ಕ ತಂತ್ರಾಂಶ ಒಂದೇ, ಪ್ಲಾಸ್ಟಿಕ್ ಒಂದೇ. ಎಲ್ಲರಲ್ಲೂ ಕೊರತೆ ಶೇ 30ರ ಆಸುಪಾಸಿನಲ್ಲೇ ಇದ್ದಿದ್ದರೆ ಅದನ್ನು ಮೊದಲೇ ಸೇರಿಸಿ ಸರಿದೂಗಿಸಬಹುದಿತ್ತು. ಕೊರತೆ ರೋಗಿಯಿಂದ ರೋಗಿಗೆ ಇಷ್ಟು ಹರಡಿಕೊಂಡಿರುವಾಗ ಎಲ್ಲರಿಗೂ ಒಂದೇ ಹೆಚ್ಚುವರಿ ಸೇರಿಸುವುದೆಂದರೆ ಕೆಲವರಿಗೆ ಸಾಲದು, ಕೆಲವರಿಗೆ ಅತಿಯಾಗುತ್ತದೆ. ಅತಿಯಾದವರಲ್ಲಿ ಮೇಲಿನ ಹಲ್ಲು ಕೆಳಗಿನದನ್ನು ದಾಟಿ ಹೊರಗೆ ಹೋಗಿ ನಿಲ್ಲುವುದೂ ಉಂಟು.

ಹಲ್ಲಿನ ಎಲ್ಲ ಬಗೆಯ ಚಲನೆಗಳನ್ನು ಸೇರಿಸಿ ನೋಡಿದ ಅಧ್ಯಯನಗಳೂ ಇದೇ ಎಚ್ಚರಿಕೆ ನೀಡುತ್ತವೆ. ಕ್ರಾವಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಮುಂದಿನ ಹಲ್ಲುಗಳಲ್ಲಿ ಕಂಡ ಸರಾಸರಿ ನಿಖರತೆ ಶೇ 41. ಹೊಸ ವಸ್ತು ಬಂದ ಮೇಲೆ, 2020ರಲ್ಲಿ ಹವೂಲಿ, ಕ್ರಾವಿಟ್ಜ್ ಮತ್ತಿತರರು ಮತ್ತೆ ಅಳೆದಾಗ ಅದು ಶೇ 50ಕ್ಕೆ ಏರಿತ್ತು. ಆ ಎರಡನೇ ಅಧ್ಯಯನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಸಾಧಿತವಾದ ಚಲನೆ ಯಾವುದೆಂದರೆ ಹಲ್ಲಿನ ಕಿರೀಟವನ್ನು ಕೆನ್ನೆ ಅಥವಾ ನಾಲಿಗೆಯ ಕಡೆಗೆ ವಾಲಿಸುವುದು, ಶೇ 56. ಅಲೈನರ್‌ಗೆ ಒಲಿದ ಕೆಲಸವೇ ವಾಲಿಸುವುದು. ಹಿಗ್ಗಿಸುವ ಯೋಜನೆ ಯಶಸ್ವಿಯಾಗುತ್ತದೋ ಇಲ್ಲವೋ ಎಂಬುದು ಬಹುತೇಕ ಆ ರೋಗಿಗೆ ವಾಲುವಿಕೆಯೇ ಬೇಕಿತ್ತೇ ಎಂಬುದರ ಮೇಲೆ ನಿಂತಿದೆ.

ಕೆಳಸಾಲಿನ ಶೇ 98.9 ಎಂಬ ಬೆರಗುಗೊಳಿಸುವ ಅಂಕಿಯೂ ಈ ಬೆಳಕಿನಲ್ಲಿ ಅರ್ಥವಾಗುತ್ತದೆ. ಇಕ್ಕಟ್ಟಾದ ಬಾಯಲ್ಲಿ ಕೆಳಗಿನ ದವಡೆ ಮತ್ತು ಮುಂದವಡೆ ಹಲ್ಲುಗಳು ಹೆಚ್ಚಾಗಿ ನಾಲಿಗೆಯ ಕಡೆಗೆ ಬಾಗಿರುತ್ತವೆ. ಅವನ್ನು ಎತ್ತಿ ನೆಟ್ಟಗೆ ನಿಲ್ಲಿಸುವುದೇ ಅಲ್ಲಿ ಹಿಗ್ಗುವಿಕೆ. ಬೇರು ಇದ್ದಲ್ಲೇ ಇದ್ದು ತುದಿ ಹೊರಕ್ಕೆ ಬಂದರೆ ಯಾವ ನಷ್ಟವೂ ಇಲ್ಲ, ಬೇಕಾದದ್ದೂ ಅದೇ. ಅಲ್ಲಿ ಯೋಜಿಸುವ ಪ್ರಮಾಣವೂ ಸಾಮಾನ್ಯವಾಗಿ ಸಣ್ಣದು. ಮೇಲಿನ ಸಾಲಿನಲ್ಲೂ ಮುಂದವಡೆ ಹಲ್ಲುಗಳು ಒಳಕ್ಕೆ ಕುಸಿದಂತಿದ್ದು ದವಡೆ ಹಲ್ಲುಗಳು ಸರಿಯಾದ ಜಾಗದಲ್ಲಿದ್ದರೆ ಅಲೈನರ್ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ತದ್ವಿರುದ್ಧವಾಗಿ, ಮೇಲಿನ ಮೂಳೆ ಕಿರಿದಾಗಿದ್ದು ಅದನ್ನು ಸರಿದೂಗಿಸಲು ದವಡೆ ಹಲ್ಲುಗಳು ಈಗಾಗಲೇ ಕೆನ್ನೆಯ ಕಡೆಗೆ ವಾಲಿಕೊಂಡಿರುವವರ ಬಾಯಿ ಇರುತ್ತದೆ. ಇಂಥವರ ಹಲ್ಲುಗಳ ನಡುವಿನ ಅಗಲ ಅಳೆದರೆ ಸಾಧಾರಣವಾಗಿಯೇ ಇರಬಹುದು. ಅವರಲ್ಲಿ 4 ಮಿಲಿಮೀಟರ್ ಹಿಗ್ಗಿಸಲು ಹೊರಡುವುದೆಂದರೆ ವಾಲಿದ ಹಲ್ಲನ್ನು ಮತ್ತಷ್ಟು ವಾಲಿಸುವುದು. ಎರಡೂ ಬಾಯಿಗಳ ಅನಿಮೇಷನ್ ಮಾತ್ರ ಒಂದೇ ಥರ ಸುಂದರವಾಗಿರುತ್ತದೆ.

ಮೂಳೆಯೇ ಕಿರಿದಾಗಿರುವವರಿಗೆ ಬೇರೆ ಚಿಕಿತ್ಸೆಯಿದೆ, ಅದು ಹೊಸದೂ ಅಲ್ಲ. ಅಂಗುಳದ ನಡುವಿನ ಹೊಲಿಗೆಯಂಥ ಕೀಲನ್ನು ತಿರುಪಿನಿಂದ ಬಿಡಿಸಿ ಎರಡು ಅರ್ಧಗಳನ್ನು ದೂರ ಸರಿಸುವ ಪ್ರಯೋಗವನ್ನು ಎಮರ್ಸನ್ ಏಂಜೆಲ್ 1860ರಲ್ಲೇ ವರದಿ ಮಾಡಿದ್ದರು. ಮಕ್ಕಳಲ್ಲಿ ಆ ಕೀಲು ಸುಲಭಕ್ಕೆ ಬಿಡುತ್ತದೆ. ಹರೆಯ ದಾಟಿದಂತೆ ಅದು ಬೆಸೆದುಕೊಳ್ಳುತ್ತ ಹೋಗುತ್ತದೆ, ಆದರೆ ಎಲ್ಲರಲ್ಲೂ ಒಂದೇ ವಯಸ್ಸಿಗಲ್ಲ. ಅದಕ್ಕಾಗಿಯೇ 2013ರಲ್ಲಿ ಆಂಜೆಲಿಯೇರಿ ಮತ್ತು ಸಂಗಡಿಗರು ಸಿಬಿಸಿಟಿ ನೋಡಿ ಕೀಲಿನ ಬೆಸುಗೆಯನ್ನು ಐದು ಹಂತಗಳಾಗಿ ಗುರುತಿಸುವ ಕ್ರಮವನ್ನು ರೂಪಿಸಿದರು. ಬೆಳೆದವರಲ್ಲಿ ಅಂಗುಳದ ಮೂಳೆಗೇ ಸಣ್ಣ ಸ್ಕ್ರೂಗಳನ್ನು ಹಾಕಿ ಹಿಗ್ಗಿಸುವ ಸಾಧನ ಅಥವಾ ಶಸ್ತ್ರಚಿಕಿತ್ಸೆಯ ನೆರವು ಬೇಕಾಗಬಹುದು. ಈ ನಡುವೆ ಒಂದು ಗೊಂದಲವೂ ಹುಟ್ಟಿಕೊಂಡಿದೆ. 2023ರ ಕೊನೆಯಲ್ಲಿ ಇನ್ವಿಸಲೈನ್ ಹೆಸರಿನದೇ ಅಂಗುಳ ಹಿಗ್ಗಿಸುವ ಸಾಧನಕ್ಕೆ ಎಫ್‌ಡಿಎ ಅನುಮತಿ ಸಿಕ್ಕಿತು. ಅದು ಥ್ರೀಡಿ ಮುದ್ರಣದಲ್ಲಿ ನೇರವಾಗಿ ತಯಾರಿಸಿದ, ಅಂಗುಳಕ್ಕೆ ಅಡ್ಡಲಾಗಿ ಗಟ್ಟಿ ಪಟ್ಟಿಯಿರುವ ಬೇರೆಯೇ ಸಾಧನ. ಹಲ್ಲಿಗೆ ತೊಡಿಸುವ ತೆಳು ಅಲೈನರ್ ವಯಸ್ಕರ ಅಂಗುಳದ ಮೂಳೆಯನ್ನು ಹಿಗ್ಗಿಸುತ್ತದೆ ಎಂಬ ಮಾತಿಗೆ ಅದನ್ನು ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ.

ಈ ಅಧ್ಯಯನಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಯೂ ಉಳಿಯುತ್ತದೆ. ಬಹುಪಾಲು ಅಧ್ಯಯನಗಳು ಮುಗಿದ ಚಿಕಿತ್ಸೆಗಳ ಕಡತ ತೆಗೆದು ಹಿಂದಿರುಗಿ ನೋಡಿದಂಥವು. ದಿನಕ್ಕೆ 20ರಿಂದ 22 ಗಂಟೆ ಅಲೈನರ್ ತೊಡಬೇಕೆಂಬ ನಿಯಮವನ್ನು ರೋಗಿ ಪಾಲಿಸಿದನೇ ಎಂಬುದಕ್ಕೆ ಅವನ ಮಾತೇ ಆಧಾರ. ನಡುವೆ ಕೈಬಿಟ್ಟವರು, ಲೋಹದ ಕ್ಲಿಪ್ಪಿನ ಬ್ರೇಸಸ್‌ಗೆ ಬದಲಾದವರು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ ನಿಜಸ್ಥಿತಿ ಅಂಕಿಗಳಿಗಿಂತ ಸ್ವಲ್ಪ ಕೆಳಗೇ ಇರಬಹುದೆಂದು ನನಗನಿಸುತ್ತದೆ. ಎರಡು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂರಿಸುವಾಗ ಯಾವುದನ್ನು ಸ್ಥಿರವೆಂದು ಹಿಡಿಯಬೇಕೆಂಬುದೂ ಸಣ್ಣ ಸಮಸ್ಯೆಯಲ್ಲ. ಎಲ್ಲ ಹಲ್ಲುಗಳೂ ಸರಿಯುತ್ತಿರುವಾಗ ಹಲ್ಲನ್ನೇ ಅಳತೆಗೋಲಾಗಿ ಹಿಡಿಯುವುದು ಹೇಗೆ? ಇನ್ನೊಂದು ಕಡೆ, ಅನೇಕ ಅಧ್ಯಯನಗಳು ಮೊದಲ ಸುತ್ತಿನ ಅಲೈನರ್‌ಗಳು ಮುಗಿದಾಗ ಅಳೆದವು, ಚಿಕಿತ್ಸೆಯೇ ಮುಗಿದಾಗಲ್ಲ. ಮತ್ತೆ ಸ್ಕ್ಯಾನ್ ಮಾಡಿ ಹೊಸ ಸುತ್ತು ತರಿಸುವುದಕ್ಕೆ ರಿಫೈನ್‌ಮೆಂಟ್ ಎನ್ನುತ್ತಾರೆ, ಅದರಿಂದ ಕೊರತೆಯ ಒಂದು ಭಾಗ ತುಂಬಿಕೊಳ್ಳುತ್ತದೆ. ಅದು ಅಪರೂಪದ ಸಂಗತಿಯೂ ಅಲ್ಲ. ಕ್ರಾವಿಟ್ಜ್ ಮತ್ತು ಸಂಗಡಿಗರು 500 ರೋಗಿಗಳನ್ನು ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಸರಾಸರಿ 2.5 ರಿಫೈನ್‌ಮೆಂಟ್ ಬೇಕಾಗಿತ್ತು. ಆರರಲ್ಲಿ ಒಬ್ಬರು ಕೊನೆಗೆ ಬ್ರೇಸಸ್‌ಗೆ ಬದಲಾಗಿದ್ದರು.

ಭಾರತದಲ್ಲಿ, ಅದರಲ್ಲೂ ಬೆಂಗಳೂರಿನಂಥ ನಗರಗಳಲ್ಲಿ, ಕಂತಿನ ಮೇಲೆ ಅಲೈನರ್ ಕೊಳ್ಳುವ ಪದ್ಧತಿ ಬೆಳೆದಿರುವುದರಿಂದ ಈ ರಿಫೈನ್‌ಮೆಂಟಿನ ವಿಷಯ ನೇರವಾಗಿ ಜೇಬಿಗೆ ಸಂಬಂಧಿಸಿದ್ದು. ಒಪ್ಪಂದದ ಮೊತ್ತದಲ್ಲಿ ಎಷ್ಟು ಸುತ್ತು ಸೇರಿದೆ, ಅದರಾಚೆಗೆ ದರ ಎಷ್ಟು ಎಂಬುದನ್ನು ಮೊದಲ ಸ್ಕ್ಯಾನಿನ ದಿನವೇ ಕೇಳಿ ಬರೆಸಿಕೊಳ್ಳಬೇಕು. ಮನೆಬಾಗಿಲಿಗೆ ಅಲೈನರ್ ಕಳಿಸುವ ಮಾದರಿಯ ಅಪಾಯವನ್ನು ಅಮೆರಿಕ ಈಗಾಗಲೇ ಕಂಡಿದೆ: ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ನಡುವಿದ್ದವರು ಅರ್ಧಕ್ಕೇ ಉಳಿದರು. ಕಂಪನಿ ಉಳಿಯುತ್ತದೋ ಇಲ್ಲವೋ ಎನ್ನುವುದು ಹಾಗಿರಲಿ, ಹಿಗ್ಗಿಸುವ ಚಿಕಿತ್ಸೆಗೆ ಕುರ್ಚಿಯ ಪಕ್ಕದ ಪರೀಕ್ಷೆಯೇ ಜೀವಾಳ. ದವಡೆ ಹಲ್ಲು ಈಗಾಗಲೇ ಎತ್ತ ವಾಲಿದೆ, ಬೇರಿನ ಮೇಲಿನ ಒಸಡು ಎಷ್ಟು ತೆಳುವಾಗಿದೆ, ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವ ಕ್ರಾಸ್‌ಬೈಟ್ ಹಲ್ಲಿನದೋ ಮೂಳೆಯದೋ ಎಂಬುದನ್ನು ಬೆರಳಿಟ್ಟು ನೋಡುವವರು ಬೇಕು. ಬಿಡಿಎಸ್ ನಂತರ ಮೂರು ವರ್ಷ ಇದನ್ನೇ ಓದಿ ಎಂಡಿಎಸ್ ಮಾಡಿದ ಆರ್ಥೊಡಾಂಟಿಸ್ಟ್ ಯೋಜನೆಯನ್ನು ತಾವೇ ತಿದ್ದುತ್ತಾರೋ, ಅಥವಾ ದೂರದ ತಂತ್ರಜ್ಞರು ಕಳಿಸಿದ್ದಕ್ಕೆ ಒಪ್ಪಿಗೆಯ ಗುಂಡಿ ಒತ್ತುತ್ತಾರೋ ಎಂದು ರೋಗಿ ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಎಷ್ಟು ಮಿಲಿಮೀಟರ್, ಯಾವ ಹಲ್ಲಿನಲ್ಲಿ, ವಾಲಿಸಿಯೋ ಜರುಗಿಸಿಯೋ ಎಂಬ ಪ್ರಶ್ನೆಗೆ ಯೋಜನೆ ಮಾಡಿದವರ ಬಳಿ ಉತ್ತರ ಸಿದ್ಧವಿರುತ್ತದೆ.

ಯೋಜಿಸಿದ ಅಗಲ ಬಂತೆಂದೇ ಇಟ್ಟುಕೊಂಡರೂ ಅದನ್ನು ಉಳಿಸಿಕೊಳ್ಳುವುದು ಬೇರೆ ಕೆಲಸ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಟಲ್, ವಾಲೆನ್ ಮತ್ತು ರೀಡೆಲ್ ಬ್ರೇಸಸ್ ಕಾಲದಲ್ಲೇ, 1981ರಲ್ಲಿ, ಚಿಕಿತ್ಸೆ ಮುಗಿದು ಹತ್ತು ವರ್ಷ ದಾಟಿದವರನ್ನು ಪರೀಕ್ಷಿಸಿದಾಗ ಕೆಳಗಿನ ಮುಂಭಾಗದ ಹಲ್ಲುಗಳು ತೃಪ್ತಿಕರವಾಗಿ ಉಳಿದದ್ದು ಮೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ. ಕೆಳಗಿನ ಕೋರೆಹಲ್ಲುಗಳ ನಡುವೆ ಹಿಗ್ಗಿಸಿದ ಅಗಲ ಹಿಂದಿರುಗುವ ಪ್ರವೃತ್ತಿ ಆರ್ಥೊಡಾಂಟಿಕ್ಸ್‌ನಲ್ಲಿ ಹಳೆಯ ಪಾಠ. ಹಾಗಾಗಿ ಅಲ್ಲಿ ಎರಡು ಮೂರು ಮಿಲಿಮೀಟರ್ ಹಿಗ್ಗಿಸುವ ಯೋಜನೆ ಕಂಡಾಗ ತಂತ್ರಾಂಶದ ನಿಖರತೆ ಎಷ್ಟೇ ಇದ್ದರೂ ಹಿಂಜರಿಯುವುದೇ ಸರಿ. ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ಹಿಡಿಯಲು ಚಿಕಿತ್ಸೆಯ ನಂತರ ಕೊಡುವ ಪಾರದರ್ಶಕ ರಿಟೇನರ್ ಕೂಡ ಅದೇ ಬಗೆಯ ತೆಳು ಹಾಳೆಯದು, ಅದರ ಹಿಂತುದಿಗಳೂ ಬೆರಳಿಗೆ ಹಾಗೆಯೇ ಮಣಿಯುತ್ತವೆ. ಮೇಲಿನ ಸಾಲನ್ನು ಗಣನೀಯವಾಗಿ ಹಿಗ್ಗಿಸಿದ ರೋಗಿಗೆ ಅಂಗುಳವನ್ನು ಗಟ್ಟಿ ಅಕ್ರಿಲಿಕ್ ತಟ್ಟೆಯಿಂದ ಆನಿಸಿ ಹಿಡಿಯುವ, ಸುಮಾರು ನೂರು ವರ್ಷ ಹಳೆಯ ಹಾಲೇ ರಿಟೇನರನ್ನೇ ಕೊಡುವ ವೈದ್ಯರು ಈ ಕಾರಣಕ್ಕೆ ಇದ್ದಾರೆ. ಕಾಣಬಾರದೆಂದು ಅಲೈನರ್ ಆರಿಸಿಕೊಂಡವರು ಆ ರಿಟೇನರಿನ ಮುಂದಿನ ತಂತಿಯನ್ನು ಕಂಡು ಗೊಣಗುತ್ತಾರೆ, ಆದರೆ ದವಡೆ ಹಲ್ಲುಗಳನ್ನು ಹೊರಕ್ಕೆ ಹಿಡಿದಿಡುವ ಅಡ್ಡ ಆಸರೆ ಇರುವುದು ಅದರಲ್ಲಿ.